ನಕ್ಷೆಯ ಬರಿದಾದ ಜಾಗ: ರಾಬರ್ಟ್ ಮಾರ್ಷಲ್

ಭೂಪಟವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ಹೆಸರುಗಳ ಹಾಳೆಯೆಂದೇ ನಮ್ಮಲ್ಲನೇಕರ ತಿಳಿವಳಿಕೆ. ಅದರ ಒಂದೊಂದು ಗೆರೆಯ ಹಿಂದೆಯೂ ಯಾರದೋ ಕಾಲ್ನಡಿಗೆಯ ಶ್ರಮವಿದೆಯೆಂಬುದನ್ನು ನನಗೆ ಮನಗಾಣಿಸಿದುದು ರಾಬರ್ಟ್ ಮಾರ್ಷಲನ ಜೀವನ.

ಮಾರ್ಷಲನು 1901ರಲ್ಲಿ ನ್ಯೂಯಾರ್ಕ್ ನಗರದ ಹೆಸರಾಂತ ವಕೀಲರೊಬ್ಬರ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ಕಥೆಯನ್ನೋದಿ, ತಾನು ತಡವಾಗಿ ಹುಟ್ಟಿದೆನೆಂದು ಕೊರಗಿದನು. ಬೆಳೆದು ಅರಣ್ಯಶಾಸ್ತ್ರಜ್ಞನಾದನು. ಅಲಾಸ್ಕಾದ ಭೂಪಟದಲ್ಲಿ, ಕೋಯುಕುಕ್ ನದಿಯ ಮೂಲದತ್ತ, ಏನನ್ನೂ ಗುರುತಿಸದೆ ಬಿಟ್ಟ ಜಾಗವೊಂದು ಅವನನ್ನು ಸೆಳೆಯಿತು. 1929ರ ಬೇಸಗೆಯಲ್ಲಿ, ಆರ್ಕ್ಟಿಕ್ ವೃತ್ತದಾಚೆಯ ವೈಸ್‌ಮನ್ ಎಂಬ ಸಣ್ಣ ಹಳ್ಳಿಯನ್ನು ಸೇರಿದನು.

ಅಲ್ಲಿಂದ ಮುಂದೆ ಬ್ರೂಕ್ಸ್ ಪರ್ವತಶ್ರೇಣಿ, ರಸ್ತೆಯಿಲ್ಲ. ಹೊರೆ ಹೊತ್ತು ಹೊಳೆಯ ಗುಂಟ ನಡೆಯುವುದು, ಶಿಖರವನ್ನೇರಿ ಯಾವ ನೀರು ಯಾವ ಕಡೆಗೆ ಇಳಿಯುತ್ತದೆ, ಎರಡು ಕಣಿವೆಗಳನ್ನು ಬೇರ್ಪಡಿಸುವ ಏಣು ಎಲ್ಲಿದೆ ಎಂದು ನೋಡಿ ಬರೆದುಕೊಳ್ಳುವುದು: ಇದೇ ಅವನ ಕ್ರಮ. ನದಿಯ ಇಬ್ಬದಿಯಲ್ಲಿ ಕಾವಲು ನಿಂತಂತಿದ್ದ ಎರಡು ಬೆಟ್ಟಗಳನ್ನು ಆರ್ಕ್ಟಿಕ್ ಪ್ರದೇಶದ ಹೆಬ್ಬಾಗಿಲೆಂದು ಕರೆದನು. ಡೂನರಾಕ್ ಪರ್ವತವು 10,000 ಅಡಿಗೂ ಮಿಗಿಲೆಂದು ಎಣಿಸಿದನು. ಮುಂದೆ ಅಳೆದಾಗ ಅದು 7,457 ಅಡಿ ಮಾತ್ರವೆಂದು ತಿಳಿಯಿತು. ಇದನ್ನು ಕೇಳಿ ನಗಲು ನನಗೆ ಮನಸ್ಸಾಗದು. 1938 ಮತ್ತು 1939ರಲ್ಲಿ ಅದನ್ನು ಏರಹೋಗಿ ತುದಿ ಮುಟ್ಟದೆ ಹಿಂದಿರುಗಿದವನಿಗೆ ಅದು ದೊಡ್ಡ ಬೆಟ್ಟವೇ ಸರಿ.

1930–31ರಲ್ಲಿ ವರ್ಷಕ್ಕೂ ಹೆಚ್ಚು ಕಾಲ ವೈಸ್‌ಮನ್ನಿನಲ್ಲಿ ನೆಲಸಿ, ಆ ಹಳ್ಳಿಯ ಬಾಳನ್ನು ಕುರಿತು ಬರೆದ ಗ್ರಂಥವನ್ನು 1933ರಲ್ಲಿ ಪ್ರಕಟಿಸಿದನು. ಅದರಿಂದ ಬಂದ ಹಣದಲ್ಲಿ ಹಳ್ಳಿಗರಿಗೂ ಪಾಲು ಕೊಟ್ಟನು.

ಆದರೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಬೇರೊಂದು ಸಂಗತಿ. ನಕ್ಷೆ ಮುಂದೆ ನಡೆದರೆ ರಸ್ತೆ ಅದರ ಹಿಂದೆಯೇ ಬರುತ್ತದೆ. ಬರಿದಾದ ಜಾಗವನ್ನು ಪ್ರೀತಿಸಿದವನೇ ಅದನ್ನು ತುಂಬಿದನು! ಆ ಹೊಣೆಯನ್ನು ಮಾರ್ಷಲನು ಮರೆಯಲಿಲ್ಲವೆಂದೇ ನಾನು ತಿಳಿಯುತ್ತೇನೆ. 1935ರಲ್ಲಿ ವನ್ಯಪ್ರದೇಶಗಳ ರಕ್ಷಣೆಗೆ ಸಂಘವೊಂದನ್ನು ಕಟ್ಟಿದವರಲ್ಲಿ ಅವನೂ ಒಬ್ಬನು. ಯುಕಾನ್ ನದಿಯ ಉತ್ತರದ ಬಹುಪಾಲು ನಾಡನ್ನು ರಸ್ತೆ, ಕೈಗಾರಿಕೆಗಳಿಲ್ಲದೆ ಉಳಿಸಬೇಕೆಂದು 1938ರಲ್ಲಿ ಸರ್ಕಾರಕ್ಕೆ ಸಲಹೆಯಿತ್ತನು. ಮರುವರ್ಷದ ನವೆಂಬರಿನಲ್ಲಿ, ರೈಲುಪ್ರಯಾಣದಲ್ಲಿ, 38ರ ಹರೆಯದಲ್ಲೇ ತೀರಿಕೊಂಡನು.

1974ರಲ್ಲಿ ಎಣ್ಣೆಯ ಕೊಳವೆಮಾರ್ಗಕ್ಕಾಗಿ ಹಾಕಿದ ರಸ್ತೆ ವೈಸ್‌ಮನ್ನಿನ ಸಮೀಪದಲ್ಲೇ ಹಾದುಹೋಯಿತು. 1980ರಲ್ಲಿ ಅವನು ನಡೆದ ನಾಡಿನ ಬಹುಭಾಗ, ಅವನಿಟ್ಟ ಹೆಸರಿನಲ್ಲೇ, ರಾಷ್ಟ್ರೀಯ ಉದ್ಯಾನವಾಯಿತು. ಅದರೊಳಗೆ ಇಂದಿಗೂ ರಸ್ತೆಯಿಲ್ಲ. ಅರಿಯುವುದೂ ಉಳಿಸುವುದೂ ಒಬ್ಬನ ಬಾಳಿನಲ್ಲೇ ಕೂಡಿಬರಬಹುದೆಂಬುದಕ್ಕೆ ನನಗೆ ಇಷ್ಟು ಸಾಕ್ಷಿ ಸಾಕು.