ಗುರುಋಣ ಮರೆಯದ ಮಹಾಪ್ರಧಾನ ಗಂಗರಾಜ

ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಶ್ರವಣಪ್ಪನ ಬೆಟ್ಟದ ಬಾಹುಬಲಿ ಮೂರ್ತಿಯಿಂದಲೂ ಹಳೆಯ ಬಸದಿಗಳ ಅವಶೇಷಗಳಿಂದಲೂ ಜೈನ ಬಾಂಧವರಿಗೆ ಪರಿಚಿತ. ಕ್ರಿ.ಶ. 1117ರಲ್ಲಿ ಈ ತಿಪ್ಪೂರು ಯುದ್ಧ ಗೆದ್ದ ದಂಡನಾಯಕನೊಬ್ಬನಿಗೆ ಅರಸನಿಂದ ದೊರೆಯಿತು. ಆತ ಅದನ್ನು ತನಗಾಗಿ ಇಟ್ಟುಕೊಳ್ಳದೆ ಮುನಿಗಳಿಗೆ ದತ್ತಿ ನೀಡಿದ. ಆತನೇ ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ ಗಂಗರಾಜ.

ಏಚಿರಾಜ ಮತ್ತು ಪೋಚಿಕಬ್ಬೆಯರ ಮಗನಾದ ಗಂಗರಾಜನ ಧರ್ಮಪತ್ನಿ ಲಕ್ಷ್ಮೀದೇವಿ. ಮೂಲಸಂಘದ ದೇಶೀಗಣ, ಪುಸ್ತಕಗಚ್ಛದ ಶುಭಚಂದ್ರ ಸಿದ್ಧಾಂತದೇವರು ಆತನ ಗುರುಗಳು. ಇಡೀ ಮನೆತನವೇ ಅವರ ಶ್ರಾವಕ ಶಿಷ್ಯವರ್ಗವಾಗಿತ್ತು.

ಮಳವಳ್ಳಿಗೆ ಸಮೀಪದ, ಕಾವೇರಿ ದಡದ ತಲಕಾಡು ಆಗ ಚೋಳರ ವಶದಲ್ಲಿತ್ತು. ಚೋಳ ಸಾಮಂತ ಅದಿಯಮನನ್ನು ಸೋಲಿಸಿ ಗಂಗರಾಜ ಅದನ್ನು ಹೊಯ್ಸಳ ರಾಜ್ಯಕ್ಕೆ ಸೇರಿಸಿದ. ಮುಂದೆ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯವನ್ನೂ ಹಿಮ್ಮೆಟ್ಟಿಸಿದ. ಮೆಚ್ಚಿದ ಅರಸನಿಂದ ಆತ ಪಡೆದದ್ದು ಊರುಗಳನ್ನು. ಅವೆಲ್ಲವೂ ಧರ್ಮಕಾರ್ಯಕ್ಕೆ ಸಂದವು. ಗೋವಿಂದವಾಡಿ ಗೊಮ್ಮಟೇಶ್ವರನ ಪೂಜೆಗೆ, ಪರಮ ಗ್ರಾಮ ತಾಯಿ ಮತ್ತು ಮಡದಿ ಕಟ್ಟಿಸಿದ ಬಸದಿಗಳಿಗೆ ಮೀಸಲಾದವು.

ದಿಗಂಬರ ಮುನಿಗಳು ತಮಗಾಗಿ ಏನನ್ನೂ ಇಟ್ಟುಕೊಳ್ಳುವವರಲ್ಲ. ಅಂಥ ಗುರುವಿಗೆ ಶಿಷ್ಯ ಏನು ಕೊಡಬಲ್ಲ? ಪೂಜೆ, ಆಹಾರದಾನ, ಬಸದಿಗಳ ಜೀರ್ಣೋದ್ಧಾರ ನಿಲ್ಲದಂತೆ ನೋಡಿಕೊಳ್ಳುವುದೇ ಗಂಗರಾಜ ಕಂಡುಕೊಂಡ ಮಾರ್ಗ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಸುತ್ತಾಲಯ, ಶಾಸನ ಬಸದಿ, ತಾಯಿಗಾಗಿ ಕಟ್ಟಿಸಿದ ಕತ್ತಲೆ ಬಸದಿ ಇಂದಿಗೂ ಅದಕ್ಕೆ ಸಾಕ್ಷಿ.

ತಿಪ್ಪೂರಿನ ದತ್ತಿಯಲ್ಲಿ ಇನ್ನೊಂದು ವಿಶೇಷವಿದೆ. ಅದನ್ನು ಸ್ವೀಕರಿಸಿದ ಮೇಘಚಂದ್ರ ಸಿದ್ಧಾಂತದೇವರು ಕ್ರಾಣೂರ್ಗಣದ ತಿಂತ್ರಿಣೀಗಚ್ಛದವರು. ಗಂಗರಾಜನ ಗುರುಗಳ ಗಣದವರಲ್ಲ. ತನ್ನ ಗುರುವಿನಿಂದ ಧರ್ಮವನ್ನು ಅರಿತವನು ಬೇರೆ ಪರಂಪರೆಯ ಮುನಿಗಳಿಗೂ ಅಷ್ಟೇ ಭಕ್ತಿಯಿಂದ ನೀಡಿದ. ಗುರುಭಕ್ತಿ ಗಣದ ಗಡಿಯಲ್ಲಿ ನಿಲ್ಲಲಿಲ್ಲ.

1121ರಲ್ಲಿ ಲಕ್ಷ್ಮೀದೇವಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. 1123ರಲ್ಲಿ ಶುಭಚಂದ್ರ ಸಿದ್ಧಾಂತದೇವರು ಸಮಾಧಿ ಹೊಂದಿದರು. ಮಡದಿಗೂ ಗುರುಗಳಿಗೂ ಗಂಗರಾಜ ಬೆಳಗೊಳದಲ್ಲಿ ನಿಸಿಧಿ ನಿಲ್ಲಿಸಿದ. ಗುರುಗಳ ಹೆಸರು, ಪರಂಪರೆ ಕಲ್ಲಿನಲ್ಲಿ ಉಳಿಯುವಂತೆ ಮಾಡಿದ್ದು ಶಿಷ್ಯನ ಕೊನೆಯ ಸೇವೆಯಾಯಿತು.

1133ರಲ್ಲಿ ಗಂಗರಾಜ ತೀರಿಕೊಂಡಾಗ ಮಗ ಬೊಪ್ಪ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ತಂದೆಯ ಬಿರುದಿನಿಂದಲೇ ದ್ರೋಹಘರಟ್ಟ ಜಿನಾಲಯವನ್ನು ಕಟ್ಟಿಸಿದ. ಅದೇ ಈಗಿನ ಪಾರ್ಶ್ವನಾಥ ಬಸದಿ. ಗುರುವಿಗೆ, ತಾಯಿಗೆ, ಮಡದಿಗೆ ತಂದೆ ಸಲ್ಲಿಸಿದ ಗೌರವವನ್ನು ಕಂಡು ಬೆಳೆದ ಮಗ ಅದನ್ನೇ ತಂದೆಗೆ ಸಲ್ಲಿಸಿದ.

ಹಳೇಬೀಡು, ಬೆಳಗೊಳಗಳಿಗೆ ಹೋಗುವ ಯಾತ್ರಿಕರು ಅನೇಕರು. ಅರೆತಿಪ್ಪೂರಿಗೂ ಒಮ್ಮೆ ಭೇಟಿ ನೀಡಿ, ಈ ಶ್ರಾವಕನ ದಾನಧರ್ಮವನ್ನು ಮಕ್ಕಳಿಗೆ ಹೇಳಿಕೊಡುವುದು ನಮ್ಮೆಲ್ಲರ ಕರ್ತವ್ಯ.