ಗುಲಾಮರ ಬಂಧು ವಿಲ್ಬರ್‌ಫೋರ್ಸ್

ಇಂಗ್ಲೆಂಡು ದೇಶದ ಹಲ್ ಎಂಬ ರೇವುಪಟ್ಟಣದಲ್ಲಿ 1759ನೆಯ ಆಗಸ್ಟ್ 24ರಂದು ವಿಲಿಯಂ ವಿಲ್ಬರ್‌ಫೋರ್ಸನು ಧನಿಕ ವರ್ತಕನ ಮಗನಾಗಿ ಜನಿಸಿದನು. ಶರೀರದಲ್ಲಿ ಕುಳ್ಳನೂ ದುರ್ಬಲನೂ ಆಗಿದ್ದರೂ ವಾಕ್ಚಾತುರ್ಯದಲ್ಲಿ ಆತನಿಗೆ ಸಮಾನರು ವಿರಳ. 21ನೆಯ ವಯಸ್ಸಿನಲ್ಲಿಯೇ ಪಾರ್ಲಿಮೆಂಟಿನ ಸದಸ್ಯನಾಗಿ, ಔತಣಗಳಲ್ಲಿಯೂ ಜೂಜಿನಲ್ಲಿಯೂ ಕಾಲ ಕಳೆಯುತ್ತಿದ್ದ ಆತನಿಗೆ 1785ರಲ್ಲಿ ಮಾನಸಾಂತರವುಂಟಾಯಿತು. ರಾಜ್ಯಕಾರ್ಯವನ್ನು ಬಿಟ್ಟುಬಿಡಬೇಕೋ ಎಂದು ತಳಮಳಗೊಂಡು ಜಾನ್ ನ್ಯೂಟನ್ ಬೋಧಕರ ಬಳಿಗೆ ಹೋದನು. ಈ ಬೋಧಕರು ಪೂರ್ವದಲ್ಲಿ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನರಾಗಿದ್ದು, ಬಳಿಕ ಪಶ್ಚಾತ್ತಾಪಪಟ್ಟವರು. ಇದ್ದ ಸ್ಥಾನದಲ್ಲಿಯೇ ದೇವರನ್ನು ಸೇವಿಸಬೇಕೆಂದು ಅವರು ಬುದ್ಧಿ ಹೇಳಿದರು.

ಆ ಕಾಲದಲ್ಲಿ ಆಫ್ರಿಕದ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಹಿಡಿದು, ಸಂಕೋಲೆಯಿಕ್ಕಿ, ಹಡಗುಗಳಲ್ಲಿ ತುಂಬಿ, ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಿಗೆ ಮಾರುತ್ತಿದ್ದರು. ದಾರಿಯಲ್ಲಿ ಸತ್ತವರನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಕ್ರೈಸ್ತರೆನಿಸಿಕೊಂಡವರೇ ಆ ಲಾಭವನ್ನು ಉಣ್ಣುತ್ತಿದ್ದರು. ಥಾಮಸ್ ಕ್ಲಾರ್ಕ್‌ಸನನು ಕುದುರೆಯೇರಿ ರೇವಿನಿಂದ ರೇವಿಗೆ ಅಲೆದು ಸಾಕ್ಷ್ಯವನ್ನು ಕೂಡಿಸಿದನು. ವಿಲ್ಬರ್‌ಫೋರ್ಸನು ಅದನ್ನು ಸಭೆಯ ಮುಂದಿಟ್ಟನು. 1791ರಲ್ಲಿ ಆತನ ಪಕ್ಷಕ್ಕೆ 88 ಮತಗಳು, ವಿರೋಧವಾಗಿ 163 ಮತಗಳು ಬಿದ್ದವು. ಆದರೂ ಆತನು ಎದೆಗುಂದದೆ ಪದೇ ಪದೇ ಮಸೂದೆಯನ್ನು ತಂದನು. ಕಡೆಗೆ 1807ನೆಯ ಫೆಬ್ರವರಿಯಲ್ಲಿ 16ಕ್ಕೆ ಪ್ರತಿಯಾಗಿ 283 ಮತಗಳಿಂದ ಜಯವಾಗಿ, ಗುಲಾಮರ ವ್ಯಾಪಾರವು ನಿಷಿದ್ಧವಾಯಿತು.

ಆದರೆ ಮೊದಲೇ ಗುಲಾಮರಾಗಿದ್ದವರ ನೊಗವು ಮುರಿಯಲಿಲ್ಲ. 1831ರ ಕೊನೆಯಲ್ಲಿ ಜಮೈಕ ದ್ವೀಪದ ಗುಲಾಮರು ಎದ್ದು ನಿಂತರು. ಅವರ ಮುಖಂಡನಾದ ಸಾಮ್ಯುವೆಲ್ ಶಾರ್ಪನು ತಾನೂ ಗುಲಾಮನು, ಬ್ಯಾಪ್ಟಿಸ್ಟ್ ಸಭೆಯ ಸೇವಕನು. 1832ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ರಕ್ತದ ಕೂಗು ಇಂಗ್ಲೆಂಡಿನವರನ್ನು ಎಚ್ಚರಗೊಳಿಸಿತು. 1833ನೆಯ ಜುಲೈಯಲ್ಲಿ ಬಿಡುಗಡೆಯ ಮಸೂದೆಯು ಜಯಿಸುವುದು ನಿಶ್ಚಯವೆಂಬ ವರ್ತಮಾನವು ಹಾಸಿಗೆ ಹಿಡಿದಿದ್ದ ವಿಲ್ಬರ್‌ಫೋರ್ಸನ ಕಿವಿಗೆ ಬಿತ್ತು. ಅದೇ ತಿಂಗಳ 29ರಂದು ಆತನು ಕರ್ತನಲ್ಲಿ ನಿದ್ರೆಹೋದನು.

1834ನೆಯ ಆಗಸ್ಟ್ 1ರಂದು ಶಾಸನವು ಜಾರಿಗೆ ಬಂದು, ಸುಮಾರು 8 ಲಕ್ಷ ಜನರ ದಾಸತ್ವಕ್ಕೆ ಕೊನೆಯನ್ನು ವಿಧಿಸಿತು. ಆದರೂ ಪರಿಹಾರದ 2 ಕೋಟಿ ಪೌಂಡು ಯಜಮಾನರಿಗೇ ಸಂದಿತು. ಬೆವರು ಸುರಿಸಿದವರಿಗೆ ಒಂದು ಕಾಸೂ ಇಲ್ಲ. ಅವರಲ್ಲಿ ಬಹುಮಂದಿ 1838ರ ವರೆಗೂ ಹಳೆಯ ಒಡೆಯರಿಗೇ ದುಡಿಯಬೇಕಾಯಿತು. ಕಂಪೆನಿ ಸರಕಾರದ ಹಿಂದುಸ್ಥಾನಕ್ಕೆ ಆ ಶಾಸನವು ತಾಗಲಿಲ್ಲ. ಇಲ್ಲಿ 1843ನೆಯ 5ನೆಯ ಆಕ್ಟಿನಿಂದ ನ್ಯಾಯಸ್ಥಾನಗಳು ದಾಸತ್ವವನ್ನು ಮನ್ನಿಸದೆ ಹೋದವು.

ಪ್ರಿಯ ಸಭೆಯವರೇ, ಶಾಸನವು ಸಂಕೋಲೆಯನ್ನು ಕಳಚಬಲ್ಲದು. ಮನಸ್ಸಿನ ಗರ್ವವನ್ನು ಕಳಚಲಾರದು. ನಮ್ಮ ಹೊಲದಲ್ಲಿ ದುಡಿದವನ ಕೂಲಿಯು ಸಂಜೆಗೆ ಅವನ ಕೈ ಸೇರುತ್ತದೆಯೋ? ಕರ್ತನ ಮೇಜಿನಲ್ಲಿ ಅವನ ಪಕ್ಕದಲ್ಲಿ ಕೂತುಕೊಳ್ಳಲು ನಾವು ನಾಚುತ್ತೇವೋ? ಪ್ರತಿಯೊಬ್ಬನು ತನ್ನನ್ನು ತಾನೇ ಶೋಧಿಸಿಕೊಳ್ಳಲಿ.