ವಕೀಲ ಹಳಕಟ್ಟಿಯವರು

ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಯನ್ನು ಕಂಡವರೆಲ್ಲ ಕೇಳುವುದು, ಮುಂದೇನು ಎಂದು. ಹರದನಹಳ್ಳಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ನಮ್ಮ ತಂದೆಯವರಿಗೆ ಈ ಪ್ರಶ್ನೆ ಇನ್ನೂ ದೊಡ್ಡದು. ನನ್ನ ಮನಸ್ಸು ಕಾನೂನಿನ ಕಡೆಗಿದೆ. ಆದರೆ ಹೊಸ ವಕೀಲನ ಬಾಳು ಹೂವಿನ ಹಾಸಿಗೆಯಲ್ಲ. ಹಿರಿಯರ ಕಛೇರಿಯಲ್ಲಿ ಕಡತ ಹೊರಬೇಕು, ಅರ್ಜಿಗಳ ಕರಡು ಬರೆಯಬೇಕು, ನ್ಯಾಯಾಲಯದಲ್ಲಿ ವಾಯಿದೆ ಕೇಳಬೇಕು. ಕೈಗೆ ಬರುವುದು ಅಲ್ಪ. ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಯನ್ನಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿತು. ಅದು ಸಲಹೆಯೇ ಹೊರತು ಕಡ್ಡಾಯವಲ್ಲ. ಈ ಅಳುಕಿನಲ್ಲಿದ್ದಾಗ ನಾನು ಫ.ಗು. ಹಳಕಟ್ಟಿಯವರ ಜೀವನಚರಿತ್ರೆಯನ್ನು ಓದಿದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆಯವರು ಉಪಾಧ್ಯಾಯರು, ತಾಯಿ ಮಗನ ಎಳವೆಯಲ್ಲಿಯೇ ತೀರಿಕೊಂಡರು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದುವಾಗ ಮರಾಠಿ, ಗುಜರಾತಿ ಜನರ ಭಾಷಾಭಿಮಾನವನ್ನು ಕಂಡು, ಕನ್ನಡಿಗರಲ್ಲಿ ಅದಿಲ್ಲವಲ್ಲ ಎಂದು ನೊಂದರು. 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ನಡೆಸಿ, ಬಿಜಾಪುರಕ್ಕೆ ಬಂದು ನೆಲೆಸಿದರು. ಮುಂದೆ ಅಲ್ಲಿ ಸರಕಾರಿ ವಕೀಲರೂ ಆದರು.

ಮೇಲಿಂದ ಮೇಲೆ ಬರದ ಬೇಗೆಗೆ ಸಿಕ್ಕುವ ಆ ಜಿಲ್ಲೆ ಅವರ ನಿಜವಾದ ಕಛೇರಿಯಾಯಿತು. 1910ರಲ್ಲಿ ವಿದ್ಯಾಪ್ರಸಾರಕ್ಕಾಗಿ ಸಂಘವನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಸ್ಥಾಪಿಸಿದರು. ಕಕ್ಷಿದಾರರ ಕಾಗದಪತ್ರಗಳನ್ನು ನೋಡುವ ಕಣ್ಣುಗಳೇ ಓಲೆಗರಿಗಳನ್ನೂ ನೋಡಿದವು. ಹಳ್ಳಿಹಳ್ಳಿಗಳ ಮನೆಗಳಲ್ಲಿ ಹುಳು ಹಿಡಿಯುತ್ತಿದ್ದ ವಚನಗಳ ಕಟ್ಟುಗಳನ್ನು ಹುಡುಕಿ ತಂದು, ಪಾಠಗಳನ್ನು ಹೋಲಿಸಿ ಪ್ರತಿ ಮಾಡಿದರು. ಸಾಕ್ಷ್ಯವಿಲ್ಲದೆ ಮಾತಾಡದ ವಕೀಲಬುದ್ಧಿ ಇಲ್ಲಿ ಅವರಿಗೆ ನೆರವಾಯಿತೆಂದು ನನ್ನ ನಂಬಿಕೆ. 1923ರಲ್ಲಿ ವಚನಶಾಸ್ತ್ರಸಾರ ಹೊರಬಂದಿತು. 1925ರಲ್ಲಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1964ರಲ್ಲಿ ಅವರು ಕಾಲವಾದರು.

ಮನೆ ಮಾರಿದ ಸಂಗತಿಯನ್ನು ರಾತ್ರಿ ಊಟದ ಹೊತ್ತಿನಲ್ಲಿ ತಂದೆಯವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಮನೆಯ ಹೆಂಗಸರು ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಹಾತ್ಮರ ತ್ಯಾಗವನ್ನು ಹೊಗಳುವ ನಾವು ಅದರಲ್ಲಿ ಪಾಲುಗೊಂಡ ಮನೆಯವರನ್ನು ಎಣಿಸುವುದೇ ಇಲ್ಲ. ನಾನು ವಕೀಲನಾಗಬೇಕಾದರೆ ಮೂರು ವರ್ಷದ ಓದು, ಆಮೇಲೆ ಹಿರಿಯರ ಕೈಕೆಳಗೆ ಇನ್ನೆಷ್ಟೋ ವರ್ಷ. ಅದರ ಭಾರ ಮೊದಲು ಬೀಳುವುದು ಹೊಲದಲ್ಲಿ ದುಡಿಯುವವರ ಬೆನ್ನಿನ ಮೇಲೆ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟ ತಂದೆಯವರು ತಿರುಗಿ ನಿಂತು, ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂದು ವಿಚಾರಿಸಿದರು. ಹಳಕಟ್ಟಿಯವರಷ್ಟು ಎತ್ತರಕ್ಕೆ ನಾನು ಏರಲಾರೆ. ಆದರೆ ನಮ್ಮೂರಿನ ಪಹಣಿ, ಖಾತೆಗಳ ತೊಡಕಿನಲ್ಲಿ ಸಿಕ್ಕವರಿಗೆ ಕಾಗದವನ್ನು ಓದಿ ತಿಳಿಸುವ ಒಬ್ಬ ವಕೀಲನಾದರೆ, ಆ ಹೊಲದ ಋಣ ಒಂದಿಷ್ಟಾದರೂ ತೀರೀತು.